ವೀಸಾಕ್ಕಾಗಿ ಬದಲಾಯಿಸಿಕೊಂಡ ತಾಂಬೂಲ

ನನ್ನ ಅಕ್ಕನ ಮಗಳಿಗೆ ಹೊರದೇಶದ ವೀಸಾ ಸಿಗಲಿ ಎಂದು ನಾನು ಅವಳ ಜೊತೆ ನಿಶ್ಚಿತಾರ್ಥ ಮಾಡಿಕೊಂಡೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ. ನಮ್ಮ ಕೋಲಾರದ ಕಡೆಯ ಹಿರಿಯರಾದರೆ ನೋಡುವುದೂ ಇಲ್ಲ, "ಅಕ್ಕನ ಮಗಳು ತಾನೇ, ಅದರಲ್ಲೇನು ಬಂತು" ಎಂದು ಎಲೆ ಅಡಿಕೆಗೆ ಕೈ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಈ ಎರಡನೆಯವರ ಮೇಲೆ.

ನಮ್ಮದು ಸುಗಟೂರು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಹೋದರು. ಅಕ್ಕ ನನಗಿಂತ ತುಂಬಾ ದೊಡ್ಡವಳು. ಅವಳನ್ನು ಶ್ರೀನಿವಾಸಪುರದ ಆಚೆ ಒಂದು ಹಳ್ಳಿಗೆ ಕೊಟ್ಟಿದೆ. ಮಾವಿನ ತೋಪು, ಟೊಮೆಟೊ ಹೊಲ, ಮನೆಯೊಳಗೆಲ್ಲ ತೆಲುಗು. ಅವಳ ಮಗಳು ಓದಿದ್ದೆಲ್ಲ ನಮ್ಮ ಮನೆಯಲ್ಲಿದ್ದುಕೊಂಡೇ. ಆ ಹುಡುಗಿಯನ್ನು ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ನಾನು. ಮೂಗು ಒರೆಸಿದವನು ನಾನು. ಹೇನು ಬಾಚುವಾಗ ಓಡಿಹೋಗದ ಹಾಗೆ ಅಮ್ಮನ ಮುಂದೆ ಹಿಡಿದು ಕೂರಿಸಿದವನೂ ನಾನೇ. ಆದರೆ ಅವಳು ಹುಟ್ಟಿದ ದಿನ ಆಸ್ಪತ್ರೆಯಲ್ಲೇ ಅಮ್ಮ "ನಮ್ ಸೊಸೆ ಬಂದ್ಲು" ಅಂದಳಂತೆ. ಸೋದರಮಾವನಿಗೆ ಅಕ್ಕನ ಮಗಳನ್ನು ತರುವುದು ನಮ್ಮವರಲ್ಲಿ ಹಳೆಯ ಪದ್ಧತಿ. ಆ ಮಾತು ಬಂದಾಗಲೆಲ್ಲ ನಾನು ಊಟ ಬಿಟ್ಟು ಎದ್ದಿದ್ದೇನೆ. ಅಮ್ಮ ಆಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಆಸೆ ಮಾತ್ರ ಬಿಟ್ಟಿರಲಿಲ್ಲ.

ಹುಡುಗಿ ತೋಟಗಾರಿಕೆ ಓದುತ್ತಿದ್ದಳು. ಕೊನೆಯ ವರ್ಷದಲ್ಲಿ ಅವಳನ್ನು ಯುರೋಪಿನ ಒಂದು ಚಳಿ ದೇಶಕ್ಕೆ ಇಂಟರ್ನ್‌ಶಿಪ್‌ಗೆ ಆರಿಸಿದರು. ಅಲ್ಲಿ ಊರಗಲ ಗಾಜಿನ ಮನೆ ಕಟ್ಟಿ, ಒಳಗೆ ಟೊಮೆಟೊ ಬೆಳೆಯುತ್ತಾರಂತೆ. ಅರ್ಧ ವರ್ಷ ಅಲ್ಲಿ ಕೆಲಸ ಕಲಿತು ಬರಬೇಕು. ಸುದ್ದಿ ಬಂದ ದಿನ ಅವಳು ಅಡುಗೆಮನೆಗೂ ಹಿತ್ತಲಿಗೂ ಓಡಾಡಿದ್ದೇ ಓಡಾಡಿದ್ದು.

"ಮಾವ, ಅಲ್ಲಿ ಗಿಡಾನ ದಾರಕ್ಕೆ ಕಟ್ಟಿ ಸೂರಿನವರೆಗೂ ಹತ್ತಿಸ್ತಾರೆ. ಗಾಡಿ ಮೇಲೆ ನಿಂತ್ಕೊಂಡು ಹಣ್ಣು ಕೀಳ್ತಾರೆ," ಅಂದಳು.

"ಇಲ್ಲಿ ನಿಮ್ಮಪ್ಪ ಬಗ್ಗಿ ಕಿತ್ತು ಸೊಂಟ ಕಳ್ಕೊಂಡ. ನೀನು ಅಲ್ಲಿ ಮೇಲಿಂದ ಬಿದ್ದು ಕಾಲು ಮುರ್ಕೊ," ಅಂದೆ.

ಆಕೆ ನಕ್ಕಳು. ನನಗೂ ಒಳಗೊಳಗೇ ಹೆಮ್ಮೆ. ನಮ್ಮ ಮನೆತನದಲ್ಲಿ ವಿಮಾನವನ್ನು ತಲೆ ಎತ್ತಿ ನೋಡಿದವರೇ ಹೊರತು ಹತ್ತಿದವರು ಒಬ್ಬರೂ ಇಲ್ಲ.

ವೀಸಾ ಅನ್ನುವುದು ಏನು, ಅದನ್ನು ಯಾರು ಕೊಡುತ್ತಾರೆ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಒಬ್ಬ ವೀಸಾ ಕೆಲಸ ಮಾಡಿಕೊಡುತ್ತಾನೆ ಎಂದು ತಿಳಿದು ಹೋದೆವು. ತಲೆಗೆ ಜೆಲ್ ಬಳಿದುಕೊಂಡ, ನನಗಿಂತ ಚಿಕ್ಕ ವಯಸ್ಸಿನವನು. ಹುಡುಗಿಯ ಕಾಗದಗಳನ್ನೆಲ್ಲ ತಿರುವಿ, ಎಲ್ಲ ಸರಿ ಇದೆ ಎಂದ. ಆಮೇಲೆ ಕುರ್ಚಿಗೆ ಒರಗಿಕೊಂಡ.

"ಅವರಿಗೆ ಒಂದೇ ಅನುಮಾನ ಸಾರ್. ಹೋದೋರು ಅಲ್ಲೇ ಉಳ್ಕೊಂಡ್‌ಬಿಡ್ತಾರೇನೋ ಅಂತ. ವಯಸ್ಸಿನ ಹುಡುಗಿ, ಮದುವೆ ಆಗಿಲ್ಲ. ವಾಪಸ್ ಬರೋಕೆ ಇಲ್ಲಿ ಏನಿದೆ ಅಂತ ಕೇಳ್ತಾರೆ."

"ಅಪ್ಪ ಅಮ್ಮ ಇದ್ದಾರಲ್ಲಪ್ಪ," ಅಂದಳು ಅಕ್ಕ.

"ಅವರು ಎಲ್ರಿಗೂ ಇರ್ತಾರೆ ಅಕ್ಕ. ಎಂಗೇಜ್‌ಮೆಂಟ್ ಆಗಿದ್ರೆ ಗಟ್ಟಿ. ಮುಳಬಾಗಿಲಿನ ಒಂದು ಹುಡುಗಿಗೆ ಹಂಗೇ ಆಯ್ತು. ಫೋಟೋ ಇಟ್ವಿ, ಸ್ಟಾಂಪ್ ಬಿತ್ತು."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಎಂದರೆ ಇದೇ. ಅಕ್ಕ ಬಸ್ಸಿನಲ್ಲಿ ಬರುವಾಗ ಆ ಮಾತು ನೆನೆಸಿಕೊಂಡು ನಕ್ಕಳು. ಮನೆಗೆ ಬಂದು ಅಮ್ಮನಿಗೂ ನಗುತ್ತಲೇ ಹೇಳಿದಳು. ಅಮ್ಮ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡಿ, "ಫೋಟೋ ತಾನೇ, ಅದಕ್ಕೇನು ಕಷ್ಟ" ಅಂದಳು.

ಇಲ್ಲಿ ಮಾಲೂರಿನವಳ ವಿಷಯ ಹೇಳಬೇಕು. ನಾನು ಕೆಲಸ ಮಾಡುವುದು ನರಸಾಪುರದ ಒಂದು ಕಾರ್ಖಾನೆಯಲ್ಲಿ. ಆಕೆ ಅಲ್ಲೇ ನನ್ನ ಪಕ್ಕದ ಲೈನಿನಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡುತ್ತಿದ್ದಳು. ಒಂದೇ ಒಂದು ಗೀರು ಇದ್ದರೂ ವಾಪಸ್ ಕಳಿಸುವವಳು, ಮುಲಾಜು ಗೊತ್ತಿಲ್ಲ. ಜಗಳದಿಂದಲೇ ಪರಿಚಯವಾದದ್ದು. ಶಿಫ್ಟ್ ಮುಗಿದ ಮೇಲೆ ಕಂಪನಿ ಬಸ್ಸುಗಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ, ಕೋಲಾರದ್ದು ಒಂದು ಕಡೆ, ಮಾಲೂರಿನದ್ದು ಅದರ ಪಕ್ಕ. ಎರಡೂ ತುಂಬುವವರೆಗೆ ನಡುವೆ ನಿಂತು ಮಾತಾಡುತ್ತಿದ್ದೆವು. ಎರಡು ವರ್ಷಕ್ಕೂ ಮೇಲೆ ಹೀಗೇ ನಡೆದು, ಮದುವೆಯಾಗುವುದು ಎಂದು ನಮ್ಮಿಬ್ಬರಲ್ಲಿ ತೀರ್ಮಾನವಾಗಿತ್ತು. ಅವಳ ಅಪ್ಪನಿಗೂ ಒಪ್ಪಿಗೆ ಇತ್ತು. ನನ್ನ ಅಮ್ಮನಿಗೆ ಹೇಳುವುದೊಂದೇ ಬಾಕಿ, ಹುಡುಗಿ ವಿಮಾನ ಹತ್ತಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಅಕ್ಕನಿಗೆ, ಹುಡುಗಿಗೆ ಆಗಲೇ ಗೊತ್ತಿತ್ತು.

ಆದ್ದರಿಂದ ನಾನು ಆಗುವುದಿಲ್ಲ ಎಂದೆ. ಹುಡುಗಿ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕುಳಿತಳು.

"ನಂಗೇನು ಆಸೆನಾ ಮಾವ, ನಿನ್ ಪಕ್ಕದಲ್ಲಿ ಹಾರ ಹಾಕ್ಕೊಂಡು ನಿಂತ್ಕೊಳೋಕೆ? ಫೋಟೋಗೆ ಅಷ್ಟೇ. ವೀಸಾ ಬರ್ಲಿಲ್ಲ ಅಂದ್ರೆ ಅಜ್ಜಿ ನನ್ನ ನಿಜವಾಗ್ಲೂ ನಿಂಗೇ ಕಟ್ತಾಳೆ, ನೋಡ್ತಿರು."

ಮಾತು ಸರಿ ಅನ್ನಿಸಿತು. ಮಾರನೆಯ ದಿನ ಬಸ್ಸುಗಳ ನಡುವೆ ನಿಂತು ಮಾಲೂರಿನವಳಿಗೆ ಎಲ್ಲ ಹೇಳಿದೆ.

"ಹಾರ ಹಾಕ್ಕೊಳ್ಳಿ, ನಿಂತ್ಕೊಳ್ಳಿ. ತಾಂಬೂಲ ಮಾತ್ರ ಬದಲಾಯಿಸ್ಬೇಡಿ," ಅಂದಳು. "ನಮ್ ಕಡೆ ತಾಂಬೂಲ ಅಂದ್ರೆ ಆಟ ಅಲ್ಲ. ನಿಮ್ ಕಡೇನೂ ಅಲ್ಲ."

ಬರೀ ತಟ್ಟೆ ಹಿಡಿದು ಫೋಟೋ ತೆಗೆಸುತ್ತೇವೆ ಎಂದು ನಾನು ಹೇಳಿದೆ. ಅಕ್ಕನ ಜೊತೆ ಮಾತಾಡಿಕೊಂಡಿದ್ದೂ ಹಾಗೆಯೇ. ಒಂದು ಭಾನುವಾರ, ಮನೆಯವರಷ್ಟೇ, ಫೋನಿನಲ್ಲಿ ಒಂದೆರಡು ಫೋಟೋ.

ಆ ಭಾನುವಾರ ನಾನು ಕಟಿಂಗ್ ಶಾಪಿನಿಂದ ಮನೆಗೆ ಬಂದರೆ ಅಂಗಳದಲ್ಲಿ ಶಾಮಿಯಾನ. ಜಗಲಿಯ ಮೇಲೆ ನಮ್ಮ ಊರಿನ ಯಜಮಾನರು, ಶ್ರೀನಿವಾಸಪುರದ ಕಡೆಯಿಂದ, ಸೊಂಟ ಹಿಡಿದು ಮಲಗಿದ್ದ ಭಾವನ ಬದಲು ಅವರ ದೊಡ್ಡಪ್ಪ, ನೆಂಟರು, ಒಬ್ಬ ಪುರೋಹಿತ. ಒಳಗಿನಿಂದ ಕೇಸರಿಬಾತಿನ ವಾಸನೆ. ಅಮ್ಮ ಹೊಸ ಸೀರೆ ಉಟ್ಟು ಓಡಾಡುತ್ತಿದ್ದಳು. "ಇದೇನಮ್ಮ" ಅಂದರೆ, "ಫೋಟೋಗೆ ಜನ ಬೇಡವೇನೋ, ಖಾಲಿ ಮನೇಲಿ ತೆಗೆದ್ರೆ ಯಾರ್ ನಂಬ್ತಾರೆ" ಎಂದು ನನ್ನನ್ನು ಒಳಗೆ ತಳ್ಳಿದಳು. ಮೂಲೆಯಲ್ಲಿ ಅಕ್ಕ ಬೆಪ್ಪಾಗಿ ನಿಂತಿದ್ದಳು, ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲ ಬೇಗ ಬೇಗ ಆಯಿತು. ಅಮ್ಮ ಎತ್ತಿಕೊಂಡ ತಟ್ಟೆ ಖಾಲಿ ಇರಲಿಲ್ಲ. ವೀಳ್ಯದೆಲೆ, ಅಡಿಕೆ, ಅರಿಸಿನದ ಕೊಂಬು, ತೆಂಗಿನಕಾಯಿ, ಕುಪ್ಪಸದ ಕಣ, ಒಂದೂ ಬಿಟ್ಟಿರಲಿಲ್ಲ. ಯಜಮಾನರು ಎರಡೂ ಮನೆಯ ಹೆಸರು ಹೇಳಿ "ಒಪ್ಪಿಗೇನಾ" ಎಂದರು, ನೆರೆದವರು "ಒಪ್ಪಿಗೆ" ಎಂದರು. ಗಂಡಿನ ಕಡೆ ಹಿರಿಯಳು ಎಂದರೆ ಅಮ್ಮ ಒಬ್ಬಳೇ, ಅವಳ ಕೈಯಿಂದಲೇ ಅಕ್ಕನ ಕೈಗೆ ತಟ್ಟೆ ಹೋಯಿತು. ಅಕ್ಕನ ಕೈಗೂ ಯಾರೋ ಒಂದು ತುಂಬಿದ ತಟ್ಟೆ ಕೊಟ್ಟಿದ್ದರು, ಅದು ಅಮ್ಮನ ಕೈಗೆ ಬಂತು.

ಅಷ್ಟು ಜನರ ಮುಂದೆ ತಟ್ಟೆ ಕಿತ್ತು ಎಸೆಯಬೇಕಿತ್ತು ಎಂದು ಆಮೇಲೆ ಬಹಳ ಜನ ನನಗೆ ಬುದ್ಧಿ ಹೇಳಿದ್ದಾರೆ. ಹೇಳುವವರಿಗೇನು, ಹೇಳುತ್ತಾರೆ. ಹುಡುಗಿಯ ವೀಸಾ ಎದುರಿಗಿತ್ತು, ಗಂಡನಿಲ್ಲದೆ ನನ್ನನ್ನು ಸಾಕಿದ ಅಮ್ಮ ಎದುರಿಗಿದ್ದಳು. ಎಲ್ಲ ಮುಗಿದ ಮೇಲೆ ಅವಳ ಮೇಲೆ ಕೂಗಾಡಿದೆ. ಆಕೆ ಎಲೆ ಎತ್ತುತ್ತಾ, "ನಾನೇನ್ ಬಾವಿಗೆ ತಳ್ಳಿದ್ನಾ ನಿನ್ನ" ಅಂದಳು.

ಅರ್ಜಿ ಕೊಡಲು ಬೆಂಗಳೂರಿಗೆ ಹುಡುಗಿಯ ಜೊತೆ ನಾನೇ ಹೋದೆ. ಬೆರಳಿನ ಗುರುತು ತೆಗೆದುಕೊಂಡರು, ಮುಖದ ಫೋಟೋ ತೆಗೆದುಕೊಂಡರು. ಕೌಂಟರಿನ ಹೆಣ್ಣುಮಗಳು ಕಾಗದಗಳನ್ನು ಒಂದೊಂದೇ ಜೋಡಿಸಿಕೊಂಡಳು. ಕೊನೆಯಲ್ಲಿ ಹುಡುಗಿ ನಿಶ್ಚಿತಾರ್ಥದ ಫೋಟೋಗಳ ಕವರು ಮುಂದಿಟ್ಟಳು. ಆಕೆ ತೆರೆದು ನೋಡಿ, ಸಣ್ಣಗೆ ನಕ್ಕು, "ಕಂಗ್ರಾಟ್ಸ್, ಇದು ಬೇಡ" ಎಂದು ಗಾಜಿನ ಕೆಳಗಿನ ಸಂದಿಯಿಂದ ಹೊರಗೆ ತಳ್ಳಿದಳು. ಕಾಲೇಜಿನ ಪತ್ರ, ಅಲ್ಲಿನ ತೋಟದವರು ಕರೆದ ಪತ್ರ, ವಾಪಸ್ ಬರುವ ಟಿಕೆಟ್ಟು, ಅಷ್ಟು ಸಾಕಂತೆ. ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತು ಹುಡುಗಿ ಅಳಲು ಶುರು ಮಾಡಿದಳು. ವೀಸಾ ಬರಲ್ಲ ಅಂತ ಅಳ್ತೀಯಾ ಅಂದೆ. "ಅದಕ್ಕಲ್ಲ ಮಾವ, ಬೇಡವೇ ಬೇಡವಾಗಿತ್ತಲ್ಲ" ಅಂದಳು. ನಾನು ಅವಳಿಗೆ ಒಂದು ಎಳನೀರು ಕುಡಿಸಿ ಬಸ್ಸು ಹತ್ತಿಸಿದೆ.

ವೀಸಾ ಬಂತು. ಅಮ್ಮ ಪಾಸ್‌ಪೋರ್ಟನ್ನು ದೇವರ ಮುಂದಿಟ್ಟು, ತಾಂಬೂಲದ ಮಹಿಮೆ ಎಂದು ಊರಿಗೆಲ್ಲ ಹೇಳಿದಳು. ಹುಡುಗಿ ವಿಮಾನ ಹತ್ತಿದಳು.

ಅಷ್ಟರೊಳಗೆ ಆ ಫೋಟೋ ಮಾಲೂರು ಮುಟ್ಟಿತ್ತು. ನೆಂಟರಲ್ಲಿ ಯಾರೋ ಸ್ಟೇಟಸ್ ಹಾಕಿಕೊಂಡಿದ್ದರು, ಅದು ಕೈಯಿಂದ ಕೈಗೆ ಹೋಗಿ ಮಾಲೂರಿನವಳ ಅಪ್ಪನ ಫೋನಿಗೇ ಹೋಗಿದೆ. ಕಾಯಿ, ಅರಿಸಿನ, ಎಲೆ ಎಲ್ಲ ಚೊಕ್ಕವಾಗಿ ಕಾಣುವ ಫೋಟೋ. ನಾನು ಅವರ ಮನೆಗೆ ಹೋದೆ. ಆ ಮನುಷ್ಯ ಒಳ್ಳೆಯವರು, ಕೂಗಲಿಲ್ಲ. ಕಾಫಿ ಕೊಟ್ಟು ಹೇಳಿದರು:

"ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಅನ್ನಲ್ಲ. ಆದ್ರೆ ತಾಂಬೂಲ ಆಗಿರೋ ಗಂಡಿಗೆ ಹೆಣ್ಣು ಕೊಟ್ರೆ ನಾಳೆ ನಮ್ಮನೆ ಬಾಗಿಲಿಗೆ ಯಾರೂ ಬರಲ್ಲ. ಇವಳ ಹಿಂದೆ ಇನ್ನೊಬ್ಳಿದ್ದಾಳೆ. ತಾಂಬೂಲ ವಾಪಸ್ ಮಾಡ್ಕೊಂಡು ಬನ್ನಿ. ಮಾವಿನ ಕಾಯಿ ಮುಗಿಯೋವರ್ಗೂ ಕಾಯ್ತೀನಿ."

ತಪ್ಪು ಮಾತೇನಲ್ಲ. ಆದರೆ ತಾಂಬೂಲ ಹಿಂದಿರುಗಿಸುವುದಕ್ಕೂ ನಮ್ಮಲ್ಲಿ ಕ್ರಮ ಇದೆ. ಅದೇ ಹಿರಿಯರು ಕೂರಬೇಕು, ಹುಡುಗಿ ಎದುರಿಗಿರಬೇಕು, ಕೊಟ್ಟ ಕೈಯೇ ತಿರುಗಿ ತೆಗೆದುಕೊಳ್ಳಬೇಕು. ಹುಡುಗಿ ಬರುವುದು ಮಾವಿನ ಕಾಯಿ ಇಳಿಯುವ ಹೊತ್ತಿಗೆ. ಅಷ್ಟರೊಳಗೆ ಅಮ್ಮನನ್ನು ಒಪ್ಪಿಸಿದರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಮಾಲೂರಿನವಳೂ ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಅವಳು ಬರೋವರ್ಗೂ ಇರ್ತೀನಿ" ಎಂದಳು.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೊದಲು ಮಾತು ಬಿಟ್ಟಳು. ಆಮೇಲೆ ಮಾತು ಶುರು ಮಾಡಿ ಬೈದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಕೊಟ್ಟ ತಾಂಬೂಲ ಹೋಟೆಲ್ ತಿಂಡಿಯಾ ವಾಪಸ್ ಕಳಿಸೋಕೆ, ಎಂದಳು. ನಾನೂ ಬಿಡಲಿಲ್ಲ, ಅವಳ ಮಗ ತಾನೇ. ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಇದೇ ರಾಮಾಯಣ.

ಒಂದು ಮಧ್ಯಾಹ್ನ ನಾನು ರಾತ್ರಿ ಪಾಳಿಯ ನಿದ್ದೆ ಮುಗಿಸಿ ಎದ್ದಿದ್ದೆ. ಅಮ್ಮ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ವಿಡಿಯೋ ಕಾಲ್ ಮಾಡಿದಳು. ಗಾಜಿನ ಮನೆ, ಹಿಂದೆ ಉದ್ದಕ್ಕೂ ಟೊಮೆಟೊ ಗಿಡ, ತಲೆಗೆ ಬಲೆಯ ಟೋಪಿ ಹಾಕಿಕೊಂಡು ಗಾಡಿಯ ಮೇಲೆ ನಿಂತಿದ್ದಾಳೆ. ಅಜ್ಜಿಗೆ ಒಂದೊಂದೇ ತೋರಿಸಿದಳು. ಅಲ್ಲಿನ ಯಾರೋ ಏನೋ ಅಂದರು, ಇವಳು ತಿರುಗಿ ಅವರ ಭಾಷೆಯಲ್ಲೇ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನ್ ಇಟ್ಟ ಮೇಲೆ ಅಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ಇಲ್ಲಿದ್ದಷ್ಟು ದಿನ ಈ ಹುಡುಗಿ ಹಿಂಗ್ ನಕ್ಕಿದ್ದು ನಾನ್ ನೋಡ್ಲಿಲ್ಲ ಕಣೋ," ಅಂದಳು.

ನಾನು ಫೋನನ್ನು ಚಾರ್ಜಿಗೆ ಹಾಕಿದೆ.

"ಇವಳನ್ನ ತಂದು ಈ ಜಗಲೀಲಿ ಕೂರಿಸಿ ಅವರೆಕಾಯಿ ಸುಲಿಸ್ಲಾ ನಾನು? ಪಾಪ ಬರುತ್ತೆ." ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು, "ಬರ್ಲಿ. ಇವಳು ಬಂದ ದಿನ ಹಿರೀಕರನ್ನ ಕರೆಸಿ ನನ್ ಕೈಯಲ್ಲೇ ತಟ್ಟೆ ವಾಪಸ್ ತಗೋತೀನಿ. ಅಲ್ಲೀವರ್ಗೂ ಯಾರ್ ಹತ್ರಾನೂ ಬಾಯಿ ಬಿಡ್ಬೇಡ. ನಾನೇ ಕರೆಸಿದ ಜನ, ನಾನೇ ಹೇಳ್ಬೇಕು. ನಂಗೂ ಮಾನ ಇದೆ," ಎಂದಳು.

ನಾನು ಆಗಲಿ ಎಂದೆ. ಅಮ್ಮನ ಮಾನವನ್ನು ಉಳಿಸೋಣ ಎಂದು ಅಕ್ಕನಿಗೂ ಹೇಳಲಿಲ್ಲ, ಮಾಲೂರಿನವಳಿಗೂ ಹೇಳಲಿಲ್ಲ. ಮುಖ ನೋಡಿಯೇ ಆಕೆ "ಏನ್ ವಿಶೇಷ" ಎಂದು ಕೇಳಿದ್ದಳು. ಸಂಬಳ ಬಂತು ಅಂದೆ. ಜೀವನದಲ್ಲಿ ಅಷ್ಟು ಹಗುರಾಗಿ ನಾನು ಯಾವತ್ತೂ ಓಡಾಡಿರಲಿಲ್ಲ.

ಅಮ್ಮ ಯುಗಾದಿ ನೋಡಲಿಲ್ಲ. ಬೆಳಗಿನ ಹಾಲು ಡೈರಿಗೆ ಹಾಕಿ ಬಂದವಳು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಳಿತಳು. ಆಟೋದಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋಗುವ ದಾರಿಯಲ್ಲೇ ನನ್ನ ತೊಡೆಯ ಮೇಲೆ ಹೋದಳು. ಬೈಯಲಿಕ್ಕಾದರೂ ಬಾಯಿ ತೆರೆಯಲಿಲ್ಲ. ಹುಡುಗಿ ಹೊರಟು ಬರುತ್ತೇನೆ ಎಂದು ಅತ್ತಳು. ಆ ವೀಸಾದಲ್ಲಿ ಒಮ್ಮೆ ಬಂದರೆ ತಿರುಗಿ ಹೋಗುವ ಹಾಗಿರಲಿಲ್ಲ. ಬೇಡ, ಅಜ್ಜಿ ನೀನು ನಗೋದನ್ನ ನೋಡಿದಾಳೆ, ಕೆಲಸ ಮುಗಿಸಿ ಬಾ ಎಂದೆ. ಅವಳು ಫೋನಿನಲ್ಲೇ ಮಣ್ಣು ಮಾಡುವುದನ್ನು ನೋಡಿದಳು.

ತಿಥಿಯ ದಿನ ಊಟ ಮುಗಿದ ಮೇಲೆ ಹಿರಿಯರು ಶುರು ಮಾಡಿದರು. ಸತ್ತವಳಿಗೆ ಇದ್ದದ್ದು ಒಂದೇ ಆಸೆ, ತಾನೇ ಕೈಯಾರೆ ತಾಂಬೂಲ ಕೊಟ್ಟು ಹೋಗಿದ್ದಾಳೆ, ವರ್ಷ ತುಂಬುವುದರೊಳಗೆ ಮದುವೆ ಮಾಡಿದರೆ ಆತ್ಮಕ್ಕೆ ಶಾಂತಿ, ಎಂದು. ನಾನು ಎದ್ದು ನಿಂತು, ಅಮ್ಮ ನನ್ನ ಹತ್ತಿರ ಹೇಳಿದ ಮಾತನ್ನು ಹೇಳಿದೆ.

"ಯಾವಾಗ ಹೇಳಿದ್ಲು? ಯಾರ್ ಇದ್ರು?" ಎಂದರು ನಮ್ಮ ಯಜಮಾನರು.

"ನಾನೊಬ್ಬನೇ ಇದ್ದೆ."

"ನಂಗೆ ಒಂದ್ ಮಾತೂ ಹೇಳ್ಲಿಲ್ವಲ್ಲೋ," ಅಂದಳು ಅಕ್ಕ. ಅವಳ ಕಣ್ಣಿನಲ್ಲೂ ಅನುಮಾನ ಕಂಡಿತು. ನನಗೆ ಅಮ್ಮ ಸತ್ತದ್ದು ಆ ಗಳಿಗೆಯಲ್ಲಿ ಸರಿಯಾಗಿ ಗೊತ್ತಾಯಿತು.

"ಸತ್ತವಳ ಬಾಯಿಗೆ ಮಾತು ತುಂಬ್ಬೇಡಪ್ಪ," ಎಂದು ಇನ್ನೊಬ್ಬರು ಎದ್ದು ಕೈ ತೊಳೆಯಲು ಹೋದರು.

ಹುಡುಗಿ ವೀಸಾ ಮುಗಿಯುವ ಮೊದಲೇ, ಟಿಕೆಟ್ಟಿನಲ್ಲಿ ಇದ್ದ ದಿನವೇ ಬಂದಿಳಿದಳು. ವಾಪಸ್ ಬರುತ್ತಾಳೋ ಇಲ್ಲವೋ ಎಂದು ಅಷ್ಟೆಲ್ಲ ಹೆದರಿಸಿದ್ದನಲ್ಲ ಆ ಜೆಲ್ಲಿನವನು, ಅವನನ್ನು ಕರೆದು ತೋರಿಸಬೇಕು ಅನ್ನಿಸಿತು. ಬಂದ ವಾರದಲ್ಲೇ ಅವಳೇ ಹಟ ಹಿಡಿದು ಹಿರಿಯರನ್ನು ಕೂರಿಸಿದಳು. ಶ್ರೀನಿವಾಸಪುರದ ಕಡೆ ಲಾರಿಗಳಿಗೆ ಮಾವಿನ ಕಾಯಿ ತುಂಬುವುದು ಇನ್ನೂ ನಡೆದಿತ್ತು, ಮಾಲೂರಿನ ಗಡುವು ಮುಗಿದಿರಲಿಲ್ಲ. ಅಕ್ಕ ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ ಇಟ್ಟುಕೊಂಡು ಬಂದಳು. ಹುಡುಗಿ ನಡುವೆ ನಿಂತು, ನಡುಗದೆ ಹೇಳಿದಳು.

"ನಂಗೆ ಇವರು ಅಪ್ಪನ ಥರ. ಆವತ್ತು ನಾನು ನಿಂತಿದ್ದು ವೀಸಾಗೆ. ನಂಗೆ ಈ ಮದುವೆ ಬೇಡ, ಅವರಿಗೂ ಬೇಡ. ತಾಂಬೂಲ ವಾಪಸ್ ತಗೊಳ್ಳಿ."

ಭಾವನ ದೊಡ್ಡಪ್ಪ ವಯಸ್ಸಾದವರು. ಕೆಟ್ಟವರಲ್ಲ. ಆ ತಟ್ಟೆಯನ್ನು ನೋಡಿದರು, ಆಮೇಲೆ ಗೋಡೆಯ ಮೇಲಿದ್ದ ಅಮ್ಮನ ಫೋಟೋವನ್ನು ನೋಡಿದರು.

"ಎವರು ತೀಸ್ಕೋವಾಲಮ್ಮಾ? ಇಚ್ಚಿನ ಚೆಯ್ಯಿ ಲೇದು ಕದಾ," ಎಂದರು. ಯಾರು ತೆಗೆದುಕೊಳ್ಳಬೇಕು, ಕೊಟ್ಟ ಕೈಯೇ ಇಲ್ಲವಲ್ಲ, ಎಂದು.

ನಾನು ತೆಗೆದುಕೊಳ್ಳುತ್ತೇನೆ ಎಂದೆ. ಗಂಡು ತನ್ನ ತಾಂಬೂಲವನ್ನು ತಾನೇ ತೆಗೆದುಕೊಳ್ಳುವುದು ಎಲ್ಲೂ ಇಲ್ಲ ಎಂದರು. ಅಕ್ಕ ತೆಗೆದುಕೊಳ್ಳಲಿ ಎಂದರೆ, ಅವಳು ಹೆಣ್ಣಿನ ಕಡೆಯವಳು. ಕೂಗಿದೆ, ಬೇಡಿಕೊಂಡೆ, ಕೊನೆಗೆ ಕೆಟ್ಟದಾಗಿ ಬೈದೆ. ಅವರು ಬಲವಂತ ಮಾಡಲೂ ಇಲ್ಲ, ಬಿಡಿಸಿಕೊಡಲೂ ಇಲ್ಲ. ಮದುವೆ ಬೇಡವಾದರೆ ಬೇಡ, ಅಮ್ಮನ ವರ್ಷದ ಕಾರ್ಯ ಮುಗಿಯಲಿ, ಆಮೇಲೆ ದೇವಸ್ಥಾನದಲ್ಲಿ ಕೂತು ಏನಾದರೂ ದಾರಿ ನೋಡೋಣ, ಎಂದು ಟವೆಲ್ ಕೊಡವಿಕೊಂಡು ಎದ್ದರು. ಅಕ್ಕ ತಟ್ಟೆಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ವರ್ಷ ಎಂದರೆ ಮುಂದಿನ ಯುಗಾದಿಯ ಹೊತ್ತು. ಮಾಲೂರಿಗೆ ಹೋಗಿ ಅವಳ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ನಾನೂ ಮಾತು ಕೊಟ್ಟಷ್ಟು ಕಾದೆ" ಎಂದರು. ರಿಜಿಸ್ಟರ್ ಮಾಡಿಕೊಳ್ಳೋಣ ಬಾ ಎಂದು ಮಾಲೂರಿನವಳನ್ನು ಕರೆದೆ. ತಂಗಿಯ ಬಾಳಿಗೆ ಕಲ್ಲು ಹಾಕಿ ಬರಲಾರೆ ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಯಿತು.

ಅವಳು ಕೆಲಸ ಬಿಟ್ಟ ದಿನ ಬೆಳಗಿನ ಪಾಳಿ ಬಿಟ್ಟಾಗ ಬಿಸಿಲು ಜೋರಾಗಿತ್ತು. ಬಸ್ಸುಗಳು ಎಂದಿನ ಹಾಗೆ ನಿಂತಿದ್ದವು. ನಾನು ತಪ್ಪಿಸಿಕೊಂಡು ಕೋಲಾರದ ಬಸ್ಸು ಹತ್ತಿಬಿಡೋಣ ಎಂದು ಹೊರಟಿದ್ದೆ, ಆಕೆಯೇ ಅಡ್ಡ ಬಂದಳು.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬಾರ್ದು. ನಿಮ್ಮಮ್ಮ ನಿಜವಾಗ್ಲೂ ಒಪ್ಕೊಂಡಿದ್ರಾ?"

"ಹೂಂ," ಅಂದೆ.

"ಜನ ಎಲ್ಲ ನೀವೇ ಕಟ್ಟಿ ಹೇಳಿದ್ದು ಅಂತಾರೆ."

"ಅಂತಾರೆ."

ಆಕೆ ನನ್ನ ಮುಖವನ್ನು ನೋಡುತ್ತಾ ನಿಂತಳು. ಮಾಲೂರಿನ ಬಸ್ಸಿನವನು ಹಾರನ್ ಹೊಡೆದ.

"ನಾನು ನಂಬ್ತೀನಿ," ಎಂದಳು. "ಅವರು ನನ್ನನ್ನ ಸೊಸೆ ಅಂತ ಒಪ್ಕೊಂಡೇ ಹೋಗಿದ್ದು. ಅಷ್ಟು ನಂಗಿರ್ಲಿ."

ಅಷ್ಟು ಹೇಳಿ ಬಸ್ಸು ಹತ್ತಿದಳು. ಅಮ್ಮನ ಮಾತನ್ನು ನನ್ನಿಂದ ಕೇಳಿ ನಂಬಿದವಳು ಇಷ್ಟು ಜನರಲ್ಲಿ ಆಕೆ ಒಬ್ಬಳೇ, ಆಕೆಯೇ ಹೊರಟುಹೋದಳು.